ಬಾಲವನದ ಕಾರಂತರು

ಶಿವರಾಮ ಕಾರಂತರ ಹೆಸರನ್ನು ಕೇಳದ ಕನ್ನಡಿಗರು ವಿರಳ. ‘ಚೋಮನ ದುಡಿ’, ‘ಮರಳಿ ಮಣ್ಣಿಗೆ’, ‘ಬೆಟ್ಟದ ಜೀವ’ ಮೊದಲಾದ ಕಾದಂಬರಿಗಳಿಂದ ಅವರು ನಾಡಿನ ಮನೆಮಾತಾದರು. ‘ಮೂಕಜ್ಜಿಯ ಕನಸುಗಳು’ ಕೃತಿಗಾಗಿ 1977ರಲ್ಲಿ ಅವರಿಗೆ ಜ್ಞಾನಪೀಠ ಪ್ರಶಸ್ತಿ ದೊರೆಯಿತು. ಯಕ್ಷಗಾನ, ಚಿತ್ರಕಲೆ, ವಿಜ್ಞಾನ, ಪರಿಸರ ಹೀಗೆ ಅವರು ಕೈಯಿಕ್ಕದ ಕ್ಷೇತ್ರವೇ ಇಲ್ಲವೆನ್ನಬಹುದು. ಆದರೆ ಇಂಥ ಹಿರಿಯರು ತಮ್ಮ ಬಾಳಿನ ಹುರುಪಿನ ವರ್ಷಗಳಲ್ಲಿ ಎಳೆಯ ಮಕ್ಕಳ ಶಿಕ್ಷಣಕ್ಕಾಗಿ ಪಟ್ಟ ಪರಿಶ್ರಮವನ್ನು ಅರಿತವರು ಕಡಿಮೆ.

ಕಾರಂತರು 1902ನೆಯ ಇಸವಿ ಅಕ್ಟೋಬರ್ 10ರಂದು ಇಂದಿನ ಉಡುಪಿ ಜಿಲ್ಲೆಯ ಕೋಟ ಎಂಬಲ್ಲಿ ಜನಿಸಿದರು. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮನವರು. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಗದ್ದೆ ತೋಟಗಳು. ಇವುಗಳ ನಡುವೆ ಅವರ ಬಾಲ್ಯ ಕಳೆಯಿತು. ಮಂಗಳೂರಿನ ಕಾಲೇಜಿನಲ್ಲಿ ಓದುತ್ತಿದ್ದಾಗ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಅವರು ವಿದ್ಯಾಭ್ಯಾಸವನ್ನು ತೊರೆದರು. ಖಾದಿ ಪ್ರಚಾರ, ಸಮಾಜಸುಧಾರಣೆಗಳಲ್ಲಿ ತೊಡಗಿದರು. ಕಾಲೇಜಿನ ಕೋಣೆಯಿಂದ ಹೊರಬಂದವರಿಗೆ ಲೋಕವೇ ಪಾಠಶಾಲೆಯಾಯಿತು. ಹಳ್ಳಿ, ಕಾಡು, ಗುಡಿ, ಬಯಲಾಟಗಳನ್ನು ಅಲೆದು ನೋಡಿ ಅವರು ತಾವಾಗಿಯೇ ಕಲಿತರು.

ಮುಂದೆ ಅವರು ನೆಲೆನಿಂತದ್ದು ದಕ್ಷಿಣ ಕನ್ನಡದ ಪುತ್ತೂರಿನಲ್ಲಿ. ಆ ಕಾಲದ ಶಾಲೆಗಳಲ್ಲಿ ಕಂಠಪಾಠಕ್ಕೂ ಬೆತ್ತಕ್ಕೂ ಇದ್ದ ಮನ್ನಣೆ ಮಗುವಿನ ಸ್ವಂತ ಕಲ್ಪನೆಗೆ ಇರಲಿಲ್ಲ. ಬಂಗಾಳದಲ್ಲಿ ರವೀಂದ್ರನಾಥ ಠಾಕೂರರು 1901ರಲ್ಲಿಯೇ ಶಾಂತಿನಿಕೇತನದ ಮರಗಳ ನೆರಳಿನಲ್ಲಿ ಹೊಸ ಬಗೆಯ ಶಾಲೆಯೊಂದನ್ನು ತೆರೆದಿದ್ದರು. ಮಕ್ಕಳು ಹೆದರಿ ಕಲಿಯಬಾರದು, ಹಿಗ್ಗಿ ಕಲಿಯಬೇಕು ಎಂಬ ವಿಚಾರ ಕಾರಂತರ ಮನಸ್ಸಿನಲ್ಲಿಯೂ ಬೇರೂರಿತು. ಅದನ್ನು ಕಾರ್ಯರೂಪಕ್ಕೆ ತರಲು ಅವರು 1930ರ ದಶಕದಲ್ಲಿ ಪುತ್ತೂರಿನ ಪರ್ಲಡ್ಕದಲ್ಲಿ ‘ಬಾಲವನ’ವನ್ನು ಕಟ್ಟಿದರು.

ಬಾಲವನವೆಂಬ ಹೆಸರೇ ಅದರ ಗುರಿಯನ್ನು ಸಾರುತ್ತದೆ. ಗಿಡಮರಗಳ ನಡುವಿನ ಆ ತಾಣದಲ್ಲಿ ಓದುಬರಹದೊಡನೆ ಚಿತ್ರ, ಹಾಡು, ಕುಣಿತ, ನಾಟಕಗಳಿಗೂ ಸ್ಥಾನವಿತ್ತು. 1936ರಲ್ಲಿ ಕಾರಂತರ ಕೈಹಿಡಿದ ಲೀಲಾ ಅವರು ಪತಿಯ ಕೆಲಸಗಳಿಗೆ ಹೆಗಲು ಕೊಟ್ಟರು.

ಈ ಪ್ರಯೋಗದ ತಿರುಳೇನೆಂಬುದನ್ನು ಒಂದು ಎಲೆಯಿಂದ ತಿಳಿಯಬಹುದು. ಪುಸ್ತಕದ ಚಿತ್ರವನ್ನು ನಕಲು ಮಾಡುವ ಮಗುವಿಗೆ ದೊರೆಯುವುದು ಒಂದೇ ಎಲೆ, ಒಂದೇ ಹಸುರು. ಮಾವಿನ ಮರದ ಕೆಳಗೆ ನಿಂತ ಮಗುವಿಗಾದರೋ ಚಿಗುರಿನ ಕೆಂಪು, ಬಲಿತ ಎಲೆಯ ದಟ್ಟ ಹಸುರು, ಹಣ್ಣೆಲೆಯ ಹಳದಿ, ಹುಳು ತಿಂದ ತೂತು ಎಲ್ಲವೂ ಕಾಣುತ್ತವೆ. ಮೊದಲನೆಯ ಮಗು ಗೆರೆ ಎಳೆಯಲು ಕಲಿಯುತ್ತದೆ. ಎರಡನೆಯದು ನೋಡಲು ಕಲಿಯುತ್ತದೆ. ನೋಡಲು ಬಲ್ಲ ಮಗುವಿನ ಕೈ ತಾನಾಗಿಯೇ ಪಳಗುತ್ತದೆ.

ಶಾಲೆಯೊಂದರಿಂದ ನಾಡಿನ ಮಕ್ಕಳೆಲ್ಲರನ್ನೂ ಮುಟ್ಟಲಾಗದು. ಆದುದರಿಂದ ಕಾರಂತರು ಲೇಖನಿಯನ್ನೂ ಈ ಕಾರ್ಯಕ್ಕೆ ಹಚ್ಚಿದರು. ಮಕ್ಕಳಿಗಾಗಿ ಅವರೊಬ್ಬರೇ ಸಿದ್ಧಪಡಿಸಿದ ‘ಬಾಲ ಪ್ರಪಂಚ’ದ ಮೂರು ಸಂಪುಟಗಳು 1936ರಲ್ಲಿ ಬೆಳಕು ಕಂಡವು. ವಿದ್ವಾಂಸರ ಮಂಡಲಿಯೊಂದು ಮಾಡಬೇಕಾದ ಕೆಲಸವನ್ನು ಒಬ್ಬನೇ ವ್ಯಕ್ತಿ ಪೂರೈಸಿದುದು ಬೆರಗಿನ ಸಂಗತಿ. ಮುಂದೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳೂ ಹಕ್ಕಿಗಳು, ಪ್ರಾಣಿಗಳು ಕುರಿತ ಪುಸ್ತಕಗಳೂ ಬಂದವು.

ಆದರೆ ಬಾಲವನದ ಶಾಲೆ ಬಹುಕಾಲ ನಡೆಯಲಿಲ್ಲ. ಆದರ್ಶದಷ್ಟು ಹಣ ಕಾರಂತರ ಬಳಿ ಇರಲಿಲ್ಲ. ಪ್ರೀತಿಯಿಂದ ಕಟ್ಟಿದ ಶಾಲೆಯನ್ನು ನಿಲ್ಲಿಸಬೇಕಾದುದು ಯಾರಿಗಾದರೂ ನೋವಿನ ವಿಷಯ. ಅವರು ಮಾತ್ರ ಎದೆಗುಂದದೆ ಬರವಣಿಗೆ, ನಾಟಕ, ಯಕ್ಷಗಾನಗಳಲ್ಲಿ ದುಡಿಯುತ್ತ ಹೋದರು. ನಿಸರ್ಗದ ಮೇಲಿನ ಅವರ ಪ್ರೀತಿ ಮುಪ್ಪಿನಲ್ಲಿಯೂ ಬತ್ತಲಿಲ್ಲ. ಕೈಗಾ ಅಣುವಿದ್ಯುತ್ ಸ್ಥಾವರವನ್ನು ವಿರೋಧಿಸಿ, 1989ರಲ್ಲಿ ಎಂಬತ್ತೇಳರ ವಯಸ್ಸಿನಲ್ಲಿ ಅವರು ಲೋಕಸಭಾ ಚುನಾವಣೆಗೆ ನಿಂತರು. ಗೆಲುವು ದೊರೆಯಲಿಲ್ಲ, ಆದರೆ ಕಾಡಿನ ಪರವಾಗಿ ಅವರು ಎತ್ತಿದ ದನಿ ನಾಡಿಗೆಲ್ಲ ಕೇಳಿಸಿತು. 1997ರ ಡಿಸೆಂಬರ್ 9ರಂದು ಅವರು ಕಾಲವಾದರು. ಅವರು ಬಾಳಿದ ಬಾಲವನ ಇಂದು ಸ್ಮಾರಕವಾಗಿ ಉಳಿದಿದೆ.

ನಿಸರ್ಗವೇ ಗುರುವೆಂದಾದ ಮೇಲೆ ಆ ಪಾಠಕ್ಕೆ ಪುತ್ತೂರೇ ಬೇಕೆಂದಿಲ್ಲ. ಅಡಿಕೆ ತೋಟಗಳ ಆ ಸೀಮೆಗೆ ಬಹುದೂರವಾದ, ಕರ್ನಾಟಕದ ಬಡಗಣ ತುದಿಯಲ್ಲಿರುವ ಬೀದರಿನಲ್ಲಿಯೂ ಅದೇ ಸತ್ಯ ಕಣ್ಣಿಗೆ ಬೀಳುತ್ತದೆ. ಬಹಮನಿಯರ ಮಂತ್ರಿ ಮಹಮೂದ್ ಗವಾನನು ಹದಿನೈದನೆಯ ಶತಮಾನದಲ್ಲಿ ಅಲ್ಲಿ ಕಟ್ಟಿಸಿದ ವಿದ್ಯಾಲಯದ ಗೋಡೆಗಳನ್ನು ಬಣ್ಣದ ಹೆಂಚುಗಳು ಅಲಂಕರಿಸಿದ್ದವು; ಅವುಗಳ ಕೆಲವು ಭಾಗಗಳು ಇಂದಿಗೂ ಉಳಿದಿವೆ. ಬಿದರಿಯ ಕುಶಲಕರ್ಮಿಯು ಸತು, ತಾಮ್ರಗಳ ಮಿಶ್ರಲೋಹದ ಪಾತ್ರೆಯ ಮೇಲೆ ಹೂಬಳ್ಳಿಗಳನ್ನು ಕೈಯಿಂದಲೇ ಬರೆದು, ಕೊರೆದ ಗೆರೆಗಳಲ್ಲಿ ಬೆಳ್ಳಿಯನ್ನು ಕೂರಿಸುತ್ತಾನೆ. ಆ ಹೂಗಳೆಲ್ಲ ಮೊದಲು ಯಾವುದೋ ತೋಟದಲ್ಲಿ ಅರಳಿದವುಗಳೇ ಅಲ್ಲವೆ? ಭಾಲ್ಕಿಯ ಮಗುವಿಗೆ ತೊಗರಿಯ ಹಳದಿ ಹೂವಿದೆ, ಜೋಳದ ತೆನೆಯಿದೆ. ಔರಾದಿನ ಮಗುವಿಗೆ ಮಾಂಜ್ರಾ ನದಿಯ ದಂಡೆಯಿದೆ, ಕಪ್ಪು ಬಿಳುಪಿನ ದೇವಣಿ ಹಸುವಿದೆ. ಬರೆದು ಮುಗಿದ ನೋಟುಪುಸ್ತಕದ ಹಾಳೆ, ಒಂದು ಕತ್ತರಿ, ತುಸು ಅಂಟು ದೊರೆತರೆ ಸಾಕು, ಆ ಹೂವೂ ಹಸುವೂ ಮಗುವಿನ ಕೈಯಲ್ಲಿ ಮರುಹುಟ್ಟು ಪಡೆಯುತ್ತವೆ.

ಕಾರಂತರ ಶಾಲೆ ಮುಚ್ಚಿತು. ಅವರು ತೋರಿದ ದಾರಿ ಮುಚ್ಚಲಿಲ್ಲ. ಕಣ್ತೆರೆದು ನೋಡುವ ಮಗುವೊಂದು ಎಲ್ಲಿ ಕುಳಿತು ಚಿತ್ರ ಬರೆಯುತ್ತದೆಯೋ ಅಲ್ಲಿಯೇ ಒಂದು ಬಾಲವನವಿದೆ.