ಎರಡು ಹೆಜ್ಜೆ ಹಿಂದಿದ್ದ ರಾಜ



ಮನೆಯಲ್ಲಿ ಚದುರಂಗದ ಮಣೆ ಇದ್ದರೆ ಎದುರಿಗಿಟ್ಟುಕೊಳ್ಳಿ. ನಾಲ್ಕೇ ಕಾಯಿಗಳು ಸಾಕು. ಬಿಳಿ ರಾಜನನ್ನು ಎಚ್8 ಮನೆಯಲ್ಲಿ, ಬಿಳಿ ಕಾಲಾಳನ್ನು ಸಿ6ರಲ್ಲಿ ಇಡಿ. ಕಪ್ಪು ರಾಜ ಎ6ರಲ್ಲಿ, ಕಪ್ಪು ಕಾಲಾಳು ಎಚ್5ರಲ್ಲಿ ಇರಲಿ. ಮೊದಲ ನಡೆ ಬಿಳಿಯದು.

ಈಗ ಲೆಕ್ಕ ಹಾಕಿ. ಕಪ್ಪು ಕಾಲಾಳು ನಾಲ್ಕು ನಡೆಗಳಲ್ಲಿ ರಾಣಿಯಾಗುತ್ತದೆ. ಅದನ್ನು ಹಿಡಿಯಲು ಬಿಳಿ ರಾಜ ಎರಡು ಹೆಜ್ಜೆ ಹಿಂದಿದ್ದಾನೆ. ತನ್ನ ಕಾಲಾಳಿಗೆ ನೆರವಾಗೋಣವೆಂದರೆ ಅದೂ ದೂರ. ಪಕ್ಕದಲ್ಲೇ ಕಪ್ಪು ರಾಜ ಅದನ್ನು ಕಬಳಿಸಲು ಕಾದಿದ್ದಾನೆ. ಇದನ್ನು ಉಳಿಸಬಹುದು ಎಂದರೆ ಯಾರಾದರೂ ನಗುವರು. ಆದರೆ ಇದು ಡ್ರಾ! 1921ರಲ್ಲಿ ಈ ಒಗಟನ್ನು ಜಗತ್ತಿನ ಮುಂದಿಟ್ಟವರು ರಿಚರ್ಡ್ ರೇಟಿ.

ರೇಟಿಯವರು 1889ರ ಮೇ 28ರಂದು ಆಗಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಪೆಜಿನೋಕ್ ಎಂಬ ಊರಿನಲ್ಲಿ ಜನಿಸಿದರು. ಆ ಊರು ಇಂದು ಸ್ಲೊವಾಕಿಯಾ ದೇಶದಲ್ಲಿದೆ. ತಂದೆ ಸೇನೆಯಲ್ಲಿ ವೈದ್ಯರು. ಅಣ್ಣ ರುಡಾಲ್ಫ್ ಮುಂದೆ ಸಂಗೀತಜ್ಞರಾಗಿ ಹೆಸರು ಮಾಡಿದರು. ರಿಚರ್ಡ್ ಗಣಿತ ಕಲಿಯಲು ವಿಯೆನ್ನಾ ನಗರಕ್ಕೆ ಹೋದರು. ಅಲ್ಲಿ ಚದುರಂಗ ಅವರನ್ನು ಸೆಳೆದುಕೊಂಡಿತು.

ಆರಂಭ ಹೇಗಿತ್ತು ಗೊತ್ತೇ? 1908ರ ವಿಯೆನ್ನಾ ಪಂದ್ಯಾವಳಿಯಲ್ಲಿ ಹದಿನೆಂಟರ ಹರೆಯದ ರೇಟಿಯವರಿಗೆ ಒಂದೂ ಗೆಲುವು ಸಿಗಲಿಲ್ಲ. ಕಟ್ಟಕಡೆಯ ಸ್ಥಾನ! ಇನ್ನೊಬ್ಬರಾಗಿದ್ದರೆ ಮಣೆಯನ್ನು ಅಟ್ಟಕ್ಕೇರಿಸಿ ಬಿಡುತ್ತಿದ್ದರು. ಅವರು ಬಿಡಲಿಲ್ಲ. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಯುರೋಪಿನ ಮುಂಚೂಣಿಯ ಆಟಗಾರರ ಸಾಲಿಗೆ ಬಂದರು. 1920ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ಪಂದ್ಯಾವಳಿಯನ್ನು ಗೆದ್ದರು.

ಮಣೆಯ ನಡುಭಾಗವನ್ನು ಕಾಲಾಳುಗಳಿಂದ ತುಂಬಿಸಬೇಕೆಂಬುದು ಆ ಕಾಲದ ಹಿರಿಯರ ಪಾಠ. ದೂರದಿಂದಲೂ ನಡುಭಾಗವನ್ನು ಹಿಡಿತದಲ್ಲಿ ಇಟ್ಟುಕೊಳ್ಳಬಹುದು ಎಂದು ರೇಟಿ ಮತ್ತು ಅವರ ಸಮಕಾಲೀನರು ತೋರಿಸಿದರು. 1924ರಲ್ಲಿ ನ್ಯೂಯಾರ್ಕಿನಲ್ಲಿ ಈ ಹೊಸ ದಾರಿಯಿಂದಲೇ ಅವರು ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾರನ್ನು ಸೋಲಿಸಿದರು. ಎಂಟು ವರ್ಷಗಳಲ್ಲಿ ಕಾಪಾಬ್ಲಾಂಕಾ ಕಂಡ ಮೊದಲ ಸೋಲು ಅದು. ಮರುವರ್ಷ ಬ್ರೆಜಿಲ್‌ನ ಸಾವೊ ಪಾಲೊ ನಗರದಲ್ಲಿ ಮಣೆಯನ್ನು ನೋಡದೆಯೇ ಏಕಕಾಲಕ್ಕೆ 29 ಮಂದಿಯೊಡನೆ ಆಡಿ ವಿಶ್ವದಾಖಲೆ ಮಾಡಿದರು: 21 ಗೆಲುವು, 6 ಡ್ರಾ, 2 ಸೋಲು. ಇಷ್ಟೊಂದು ನೆನಪಿನ ಶಕ್ತಿಯುಳ್ಳ ಮನುಷ್ಯ ತನ್ನ ಕೈಚೀಲವನ್ನು ಮಾತ್ರ ಹೋದಲ್ಲೆಲ್ಲ ಮರೆತು ಬರುತ್ತಿದ್ದರಂತೆ!

ಈಗ ನಮ್ಮ ಒಗಟಿಗೆ ಬನ್ನಿ. ರಾಜ ನೇರವಾಗಿ ಕಪ್ಪು ಕಾಲಾಳಿನ ಬೆನ್ನು ಹತ್ತಿದರೆ ಸೋಲು ಖಂಡಿತ. ಅವನನ್ನು ಓರೆಯಾಗಿ ನಡೆಸಿ: ಜಿ7, ಆಮೇಲೆ ಎಫ್6. ಅಳತೆಪಟ್ಟಿಯಲ್ಲಿ ಓರೆ ದಾರಿ ಉದ್ದ. ಚದುರಂಗದ ಮಣೆಯಲ್ಲಿ ಓರೆಯಾದರೂ ನೇರವಾದರೂ ಒಂದು ಮನೆಗೆ ಒಂದೇ ನಡೆ. ಹೀಗಾಗಿ ರಾಜನ ಪ್ರತಿ ಹೆಜ್ಜೆಯೂ ಶತ್ರುವಿನ ಕಾಲಾಳಿನತ್ತಲೂ ಹೌದು, ತನ್ನ ಕಾಲಾಳಿನತ್ತಲೂ ಹೌದು.

ರಾಜ ಎಫ್6ಕ್ಕೆ ಬರುವಾಗ ಕಪ್ಪು ಕಾಲಾಳು ಎಚ್4ರಲ್ಲಿರುತ್ತದೆ. ಅದು ಓಡುತ್ತಲೇ ಹೋದರೆ ರಾಜ ಇ7, ಡಿ7 ಮನೆಗಳಿಗೆ ಸಾಗಿ ತನ್ನ ಕಾಲಾಳನ್ನು ಕಾಯುತ್ತಾನೆ. ಎರಡೂ ಕಡೆಯವರಿಗೆ ರಾಣಿ ಸಿಗುತ್ತದೆ. ಅದನ್ನು ತಪ್ಪಿಸಲು ಕಪ್ಪು ರಾಜ ಬಿ6ಕ್ಕೆ ಬಂದರೆ ಬಿಳಿ ರಾಜ ಇ5ಕ್ಕೆ ಬರುತ್ತಾನೆ. ಈಗ ಕಪ್ಪು ರಾಜ ಬಿಳಿ ಕಾಲಾಳನ್ನು ಹೊಡೆದರೆ, ಬಿಳಿ ರಾಜ ಎಫ್4ಕ್ಕೆ ಇಳಿದು, ಓಡುವ ಕಾಲಾಳನ್ನು ಹಿಡಿದೇ ಬಿಡುತ್ತಾನೆ. ಹೊಡೆಯದೆ ಕಾಲಾಳನ್ನೇ ಓಡಿಸಿದರೆ ರಾಜ ಡಿ6ಕ್ಕೆ ಹೋಗಿ ತನ್ನವನನ್ನು ಉಳಿಸಿಕೊಳ್ಳುತ್ತಾನೆ. ಕಳೆದುಹೋಗಿದ್ದ ಎರಡು ಹೆಜ್ಜೆಗಳು ಹೀಗೆ ಮರಳಿ ಬಂದವು.

ಭಾರತದಲ್ಲಿ ಹುಟ್ಟಿದ ಈ ಆಟ ಇರಾನಿಗೆ ಹೋಗಿ, ಅರಬರ ಕೈಯಲ್ಲಿ ಶತರಂಜ್ ಆಗಿ ಯುರೋಪ್ ತಲುಪಿತು. ನೂರಾರು ವರ್ಷ ಜನ ಆಡಿದ ಆಟದಲ್ಲಿ, ಕೇವಲ ನಾಲ್ಕು ಕಾಯಿಗಳಲ್ಲಿ, ಇಂಥದೊಂದು ಅಚ್ಚರಿ ಇನ್ನೂ ಅಡಗಿತ್ತು ನೋಡಿ!

ರೇಟಿಯವರಿಗೆ ಆಯುಷ್ಯ ಹೆಚ್ಚಿರಲಿಲ್ಲ. 1929ರ ಜೂನ್ 6ರಂದು ಪ್ರಾಗ್ ನಗರದಲ್ಲಿ ಸ್ಕಾರ್ಲೆಟ್ ಜ್ವರದಿಂದ ತೀರಿಕೊಂಡರು. ವಯಸ್ಸು ಕೇವಲ ನಲವತ್ತು. ಚದುರಂಗದ ಮಹಾನ್ ಆಟಗಾರರ ಕುರಿತು ಅವರು ಬರೆಯುತ್ತಿದ್ದ ಪುಸ್ತಕ ಅವರ ಮರಣಾನಂತರ ಪ್ರಕಟವಾಯಿತು. ಅವರ ಒಗಟನ್ನು ಇಂದಿಗೂ ಚದುರಂಗ ಕಲಿಯುವ ಮಕ್ಕಳಿಗೆ ಹೇಳಿಕೊಡುತ್ತಾರೆ.

ವಿದ್ಯಾರ್ಥಿ ಮಿತ್ರರೇ, ಪರೀಕ್ಷೆ ಹತ್ತಿರ ಬಂದು ಪಾಠಗಳು ಉಳಿದಿರುವಾಗ, ಮನೆಯ ಹೊಣೆಯೂ ಓದಿನ ಹೊಣೆಯೂ ಒಟ್ಟಿಗೆ ಹೆಗಲೇರಿದಾಗ, ಇನ್ನು ಆಗದು ಎಂದು ಕೈಚೆಲ್ಲುವ ಮುನ್ನ ಆ ಬಿಳಿ ರಾಜನನ್ನು ಒಮ್ಮೆ ನೆನೆಯಿರಿ. ಎರಡು ಕೆಲಸಗಳಿಗೂ ಒದಗುವ ಒಂದು ಹೆಜ್ಜೆ ಇದೆಯೇ ಎಂದು ಹುಡುಕಿ. ಎಲ್ಲ ಸಲವೂ ಗೆಲುವು ಸಿಗಲಾರದು. ಸೋಲಬೇಕಾದಲ್ಲಿ ಸೋಲದೆ ಉಳಿಯುವುದೂ ಒಂದು ಸಾಧನೆಯೇ.