ಬೆಳಕಿನ ಮಿಡಿತ ಮತ್ತು ಸರ್ ಸಿ.ವಿ. ರಾಮನ್
1930ರಲ್ಲಿ ನೊಬೆಲ್ ಪುರಸ್ಕೃತರಾದ ಸರ್ ಸಿ.ವಿ. ರಾಮನ್ (1888-1970), 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಥಮ ಭಾರತೀಯ ನಿರ್ದೇಶಕರಾದರು. ಶ್ರವಣಾತೀತ ಧ್ವನಿತರಂಗಗಳ ನಡುವೆ ಹಾಯುವ ಬೆಳಕು ಹಲವು ಕಿರಣಗಳಾಗಿ ಕವಲೊಡೆಯುವ ಬಗೆಯನ್ನು, ಯುವ ಸಂಶೋಧಕ ಎನ್.ಎಸ್. ನಾಗೇಂದ್ರನಾಥರೊಡನೆ 1935-36ರಲ್ಲಿ ಗಣಿತದಿಂದ ವಿವರಿಸಿದರು. ಆಡಳಿತದ ಭಿನ್ನಾಭಿಪ್ರಾಯಗಳಿಂದ 1937ರಲ್ಲಿ ನಿರ್ದೇಶಕ ಪದವಿ ಕೈಬಿಟ್ಟಿತು. ಸಂಶೋಧನೆ ಮಾತ್ರ ನಿಲ್ಲಲಿಲ್ಲ. 1948ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿದ್ದು, ಬಳಿಕ ತಮ್ಮದೇ ಸಂಸ್ಥೆಯಲ್ಲಿ ದುಡಿದರು.

ಆ ವಿವರಣೆಯ ಫಲ ದೂರದಲ್ಲಿ ಕಾಣಿಸಿತು. 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವಿಜ್ಞಾನಿಗಳು ಅದೇ ತತ್ತ್ವದ ಸಾಧನವನ್ನು ಲೇಸರಿನೊಳಗಿರಿಸಿ, ಬೆಳಕನ್ನು ಕ್ರಮಬದ್ಧ ಮಿಡಿತಗಳಾಗಿಸಿದರು. ಮುಂದೆ ಅನ್ಯ ವಿಧಾನಗಳೂ ಸೇರಿ, ಮಿಡಿತದ ಅವಧಿ ಸೆಕೆಂಡಿನ ಹತ್ತು ಕೋಟಿ ಕೋಟಿಯಲ್ಲೊಂದು ಪಾಲಿನ, ಅಂದರೆ ಫೆಮ್ಟೊಸೆಕೆಂಡಿನ ಅಳತೆಗೆ ಇಳಿಯಿತು. 1928ರಲ್ಲಿ ರಾಮನ್ ಚದುರಿದ ಬೆಳಕಿನಲ್ಲಿ ಗುರುತಿಸಿದ ಅಣುಕಂಪನಗಳನ್ನು, ಇಂದು ಅಂಥ ಮಿಡಿತಗಳೇ ನಡೆಯುತ್ತಿರುವಾಗಲೇ ಹಿಡಿದು ತೋರುತ್ತಿವೆ.