ಸಂಶಯಕ್ಕೆ ರೇಖೆಯ ಉತ್ತರ

ನಿಶ್ಚಲವಾದ ಚಿತ್ರಗಳಿಗೆ ಚಲನೆಯನ್ನು ಕೊಟ್ಟ ಮೊದಲಿಗರಲ್ಲಿ ಅಮೆರಿಕದ ವಿನ್ಸರ್ ಮೆಕೇ ಪ್ರಮುಖನು. ಅವನು ಮಿಷಿಗನ್ ರಾಜ್ಯದಲ್ಲಿ ಬೆಳೆದನು. ಮಗನು ವ್ಯಾಪಾರವಿದ್ಯೆಯನ್ನು ಕಲಿಯಬೇಕೆಂಬುದು ತಂದೆಯ ಇಚ್ಛೆಯಾಗಿತ್ತು. ಮಗನ ಮನಸ್ಸಾದರೋ ಚಿತ್ರಕಲೆಯಲ್ಲಿ ನೆಟ್ಟಿತ್ತು. ಜಾನ್ ಗುಡಿಸನ್ ಎಂಬ ಅಧ್ಯಾಪಕರು ದೂರ ಸಮೀಪಗಳನ್ನು ಕಾಗದದ ಮೇಲೆ ತೋರಿಸುವ ನಿಯಮಗಳನ್ನು ಅವನಿಗೆ ಕಲಿಸಿದರು. ಮುಂದೆ ಸಿನ್ಸಿನಾಟಿ ನಗರದಲ್ಲಿ ಭಿತ್ತಿಪತ್ರಗಳನ್ನು ಬರೆಯುತ್ತ ಬಾಳನ್ನು ಸಾಗಿಸಿದನು. 1905ರಲ್ಲಿ ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆಯಲ್ಲಿ, ಕನಸಿನ ರಾಜ್ಯದಲ್ಲಿ ಅಲೆಯುವ ನೀಮೋ ಎಂಬ ಬಾಲಕನ ಚಿತ್ರಕಥೆಯನ್ನು ಆರಂಭಿಸಿ ಕೀರ್ತಿವಂತನಾದನು.

ಪುಟಗಳನ್ನು ಸರಸರನೆ ಮಗುಚಿದಾಗ ಅವುಗಳಲ್ಲಿನ ಚಿತ್ರಗಳು ಚಲಿಸುವಂತೆ ತೋರುವ ಸಣ್ಣ ಪುಸ್ತಕಗಳನ್ನು ಅವನ ಮಗನು ಮನೆಗೆ ತಂದಿದ್ದನು. ಅವು ಮೆಕೇಯಲ್ಲಿ ಹೊಸ ಆಸೆಯನ್ನು ಹುಟ್ಟಿಸಿದವು. ಒಂದಕ್ಕಿಂತ ಒಂದು ಕೊಂಚವೇ ಭಿನ್ನವಾದ ಸುಮಾರು 4,000 ಚಿತ್ರಗಳನ್ನು ಬರೆದು, ಪ್ರತಿಯೊಂದರ ಛಾಯಾಚಿತ್ರವನ್ನು ತೆಗೆಸಿ, 1911ರಲ್ಲಿ ನೀಮೋವನ್ನು ತೆರೆಯ ಮೇಲೆ ನಡೆದಾಡಿಸಿದನು. ಮರುವರ್ಷ, ಮಲಗಿದವನ ರಕ್ತವನ್ನು ಹೀರುವ ಸೊಳ್ಳೆಯೊಂದರ ಚಿತ್ರವನ್ನು ರಚಿಸಿದನು.

ಜನರು ನಕ್ಕು ನಲಿದರು, ಆದರೆ ನಂಬಲಿಲ್ಲ. ತಂತಿಗಳಿಂದ ಏನನ್ನೋ ಆಡಿಸಿ ಕಣ್ಕಟ್ಟು ಮಾಡಿರಬೇಕೆಂದು ಹಲವರು ಶಂಕಿಸಿದರು. ತಿಂಗಳುಗಟ್ಟಲೆ ಬಾಗಿ ಕುಳಿತು ಬರೆದವನ ಶ್ರಮವು ಹೀಗೆ ಲೆಕ್ಕಕ್ಕೇ ಬಾರದೆ ಹೋಯಿತು. ಕಲಾವಿದನಿಗೆ ಇದಕ್ಕಿಂತ ನೋವಿನ ಮಾತು ಬೇರೊಂದಿಲ್ಲ.

ಮೆಕೇ ಆ ಸಂಶಯವನ್ನು ತಳ್ಳಿಹಾಕಲಿಲ್ಲ. ಹುಡುಗನಾಗಲಿ ಸೊಳ್ಳೆಯಾಗಲಿ ಲೋಕದಲ್ಲಿ ಇರುವಂಥವು. ಅವುಗಳ ಬೊಂಬೆಯನ್ನು ಮಾಡಿ ಕುಣಿಸಬಹುದೆಂದು ನೋಡುವವನು ಊಹಿಸಬಲ್ಲನು. ಆದುದರಿಂದ ಈ ಸಲ ಅವನು ಭೂಮಿಯಿಂದ ಎಂದೋ ಅಳಿದುಹೋದ ದೈತ್ಯ ಪ್ರಾಣಿಯಾದ ಡೈನೋಸಾರನ್ನು ಆರಿಸಿಕೊಂಡನು. ಅದಕ್ಕೆ ಗರ್ಟಿ ಎಂದು ಹೆಸರಿಟ್ಟನು. ಸಾವಿರಾರು ಹಾಳೆಗಳು ಬೇಕಾದವು. ಹಿನ್ನೆಲೆಯ ಬಂಡೆ, ಮರ, ಸರೋವರಗಳನ್ನೂ ಪ್ರತಿ ಹಾಳೆಯಲ್ಲಿ ಹೊಸದಾಗಿ ಬರೆಯಬೇಕಿತ್ತು. ಆ ಕೆಲಸವನ್ನು ಜಾನ್ ಫಿಟ್ಜ್‌ಸಿಮನ್ಸ್ ಎಂಬ ತರುಣ ವಿದ್ಯಾರ್ಥಿಯು ವಹಿಸಿಕೊಂಡನು. ಗರ್ಟಿಯ ಉಸಿರಾಟವು ಸಹಜವಾಗಿ ತೋರಬೇಕೆಂದು ಮೆಕೇ ತನ್ನ ಉಸಿರಿನ ಅವಧಿಯನ್ನೇ ಅಳೆದು ನೋಡಿದನು.

1914ರ ಫೆಬ್ರವರಿಯಲ್ಲಿ ಷಿಕಾಗೋ ನಗರದ ರಂಗಮಂದಿರದಲ್ಲಿ ಗರ್ಟಿಯ ಪ್ರದರ್ಶನ ನಡೆಯಿತು. ಕೈಯಲ್ಲಿ ಚಾವಟಿ ಹಿಡಿದು ಮೆಕೇ ತೆರೆಯ ಬಳಿ ನಿಂತನು. ಅವನು ಹೇಳಿದಂತೆ ಗರ್ಟಿ ಕಾಲೆತ್ತಿತು, ಗದರಿದಾಗ ಅತ್ತಿತು. ಕೊನೆಯಲ್ಲಿ ಅವನು ತೆರೆಯ ಹಿಂದೆ ಸರಿದನು. ಅದೇ ಕ್ಷಣದಲ್ಲಿ ತೆರೆಯೊಳಗೆ ಅವನ ಚಿತ್ರವು ಕಾಣಿಸಿಕೊಂಡು, ಗರ್ಟಿಯ ಮೇಲೇರಿ ಸಾಗಿತು. ರೇಖೆಗಳೇ ಚಲಿಸುತ್ತಿವೆ ಎಂಬುದು ಆಗ ಜನರಿಗೆ ಮನವರಿಕೆಯಾಯಿತು.

ಪತ್ರಿಕೆಗಳ ಒಡೆಯನಾದ ಹರ್ಸ್ಟ್‌ಗೆ ಈ ಹವ್ಯಾಸವು ರುಚಿಸಲಿಲ್ಲ. ಅವನು ಮೆಕೇಯ ರಂಗಪ್ರದರ್ಶನಗಳಿಗೆ ಮಿತಿ ಹಾಕಿದನು. ಆದರೂ ಮೆಕೇ ಬರೆಯುವುದನ್ನು ಬಿಡಲಿಲ್ಲ. 1915ರಲ್ಲಿ ಜರ್ಮನರ ದಾಳಿಗೆ ಸಿಕ್ಕಿ ಮುಳುಗಿದ ಲುಸಿಟಾನಿಯ ಹಡಗಿನ ದುರಂತವನ್ನು ಚಿತ್ರವಾಗಿಸಿ 1918ರಲ್ಲಿ ಹೊರತಂದನು. 1934ರಲ್ಲಿ ಅವನು ತೀರಿಕೊಂಡನು.

ಮೆಕೇ ತನ್ನನ್ನು ಶಂಕಿಸಿದವರೊಡನೆ ವಾದಕ್ಕೆ ಇಳಿಯಲಿಲ್ಲ. ಅವರ ಸಂಶಯಕ್ಕೆ ಕಾರಣವೇನೆಂದು ವಿಚಾರಿಸಿ, ಆ ಕಾರಣವೇ ಉಳಿಯದಂತೆ ಮುಂದಿನ ಚಿತ್ರವನ್ನು ರಚಿಸಿದನು. ಟೀಕೆಯಿಂದ ಕುಗ್ಗುವ ಎಳೆಯರು ಅವನ ಬಾಳಿನಿಂದ ಕಲಿಯಬೇಕಾದುದು ಇದನ್ನೇ.